ಅಪ್ಪನ ಸಹಿ ಕೇಳದ ಅರ್ಜಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ನಾಟಕದ ತಾಲೀಮಿನ ಜೊತೆಗೆ ಇನ್ನೊಂದು ಮಾತೂ ಜೋರಾಗಿ ಓಡಾಡುತ್ತದೆ: ‘ಫಾಫ್ಸಾ ತುಂಬಿದ್ರಾ?’ ಮಕ್ಕಳು ಹನ್ನೆರಡನೇ ತರಗತಿಗೆ ಬಂದ ವರ್ಷ ಕಾಲೇಜಿನ ಸರ್ಕಾರಿ ಸಹಾಯಧನಕ್ಕೆ ಹಾಕುವ ಅರ್ಜಿ ಅದು. ವರಮಾನದ ಪುಟ ತಲುಪುವ ಆತುರದಲ್ಲಿ ನಮ್ಮವರು ಅದಕ್ಕಿಂತ ಮುಂಚಿನ ಒಂದು ಪುಟವನ್ನು ಸರಿಯಾಗಿ ಓದುವುದೂ ಇಲ್ಲ, ‘ಇವು ಯಾವುದೂ ಅಲ್ಲ’ ಎಂದು ಒತ್ತಿ ಮುಂದೆ ಹೋಗಿಬಿಡುತ್ತಾರೆ. ನಿಂತು ಓದಿದರೆ ಚುರುಕ್ಕೆನ್ನುತ್ತದೆ. 13 ತುಂಬಿದ ಮೇಲೆ ಯಾವಾಗಲಾದರೂ ಅನಾಥವಾಗಿದ್ದೆಯಾ? ನ್ಯಾಯಾಲಯದ ಪಾಲನೆಯಲ್ಲಿದ್ದೆಯಾ? ಸರ್ಕಾರವೇ ಬೇರೆ ಮನೆಯಲ್ಲಿಟ್ಟು ಸಾಕುವ ಫಾಸ್ಟರ್ ಕೇರ್‌ನಲ್ಲಿದ್ದೆಯಾ? ಅಪ್ಪ ಅಮ್ಮನನ್ನು ಸಂಪರ್ಕಿಸುವುದು ಸಾಧ್ಯವಿಲ್ಲವೇ, ಸಂಪರ್ಕಿಸಿದರೆ ನಿನಗೇ ಅಪಾಯವೇ?

ಒಂದು ಸರ್ಕಾರಿ ಅರ್ಜಿ, ಹೆತ್ತವರಿಂದಲೇ ಅಪಾಯ ಇರಬಹುದು ಎಂದು ತಾನಾಗಿ ಕೇಳುತ್ತಿದೆ! ನಮ್ಮೂರಿನ ಅರ್ಜಿಗಳಲ್ಲಿ ಹೆಸರು ಬರೆದ ಮರುಸಾಲಿಗೇ ‘ತಂದೆ/ಗಂಡನ ಹೆಸರು’ ಕೂತಿರುತ್ತದೆ. ಅಲ್ಲಿ ಪೆನ್ನು ನಿಂತುಹೋದ ಮಕ್ಕಳಿಗೆ ಮುಂದಿನ ಸಾಲೇ ಇಲ್ಲ.

ಇಲ್ಲಿ ಅಮೆರಿಕದ ಲೆಕ್ಕ ಹೀಗೆ. 24 ತುಂಬದ ವಿದ್ಯಾರ್ಥಿಯ ಅರ್ಜಿಗೆ ಸಾಮಾನ್ಯವಾಗಿ ಅಪ್ಪ ಅಮ್ಮನ ವರಮಾನದ ವಿವರ, ಒಪ್ಪಿಗೆ, ಸಹಿ ಎಲ್ಲ ಬೇಕು. ಅವಿಲ್ಲದಿದ್ದರೆ ಸಹಾಯಧನ ಇಲ್ಲ, ಹೆಚ್ಚೆಂದರೆ ಬಡ್ಡಿಯ ಸಾಲ. ಆದರೆ ಮೇಲಿನ ಮೊದಲ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ಪೋಷಕರ ಭಾಗವೇ ಬಿಟ್ಟುಹೋಗುತ್ತದೆ. ಕೈಯಲ್ಲಿ ಕಾಸಿಲ್ಲದ ಹುಡುಗಿಗೆ ಪೆಲ್ ಗ್ರಾಂಟ್ ಎಂಬ ಕೇಂದ್ರ ಸರ್ಕಾರದ ಸಹಾಯಧನ ಪೂರ್ತಿ ಸಿಗಬಹುದು. 2025-26ಕ್ಕೆ ಅದರ ಗರಿಷ್ಠ ಮೊತ್ತ 7,395 ಡಾಲರ್, ಹಿಂದಿರುಗಿಸಬೇಕಿಲ್ಲ. ಎರಡು ವರ್ಷದ ಕೋರ್ಸಿನ ಎಷ್ಟೋ ಕಮ್ಯುನಿಟಿ ಕಾಲೇಜುಗಳಲ್ಲಿ ಇಡೀ ವರ್ಷದ ಬೋಧನಾ ಶುಲ್ಕ ಅದರಲ್ಲೇ ಮುಗಿಯುತ್ತದೆ.

ನಾಲ್ಕನೆಯ ಪ್ರಶ್ನೆ, ಅಪಾಯದ್ದು, ಅಷ್ಟು ಸಲೀಸಲ್ಲ. ಹೌದು ಎಂದವರ ಅರ್ಜಿಯನ್ನು ಸದ್ಯಕ್ಕೆ ‘ಸ್ವತಂತ್ರ ವಿದ್ಯಾರ್ಥಿ’ ಎಂದು ತೆಗೆದುಕೊಳ್ಳುತ್ತಾರೆ, ತೀರ್ಮಾನ ಕಾಲೇಜಿನ ಸಹಾಯಧನ ಕಚೇರಿಯದು. ನ್ಯಾಯಾಲಯದ ಆದೇಶವೋ, ಸಮಾಜ ಕಾರ್ಯಕರ್ತೆ, ಶಾಲೆಯ ಕೌನ್ಸೆಲರ್, ಚರ್ಚಿನ ಪಾದ್ರಿ ಇಂಥವರ ಪತ್ರವೋ ಅಲ್ಲಿಗೆ ಮುಟ್ಟಬೇಕು. ‘ಒಳ್ಳೆಯ ಹುಡುಗ, ಬಹಳ ಕಷ್ಟದಲ್ಲಿದ್ದಾನೆ’ ಎಂಬ ಪತ್ರದಿಂದ ಕೆಲಸವಾಗುವುದಿಲ್ಲ. ಬರೆದವರಿಗೆ ಹುಡುಗ ಎಷ್ಟು ವರ್ಷದಿಂದ ಗೊತ್ತು, ಅವನು ಮನೆ ಬಿಟ್ಟದ್ದು ಯಾವಾಗ, ಮನೆಯವರ ಜೊತೆ ಮಾತು ಯಾಕೆ ಸಾಧ್ಯವಿಲ್ಲ ಎಂಬುದೆಲ್ಲ ಇರಬೇಕು. ಲೆಟರ್‌ಹೆಡ್, ಸಹಿ, ಫೋನ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಅರ್ಜಿ ಹೋಯಿತಲ್ಲ ಎಂದು ಸುಮ್ಮನೆ ಕೂತವರ ಹಣ ಅಲ್ಲೇ ಕೂರುತ್ತದೆ. ‘ಅಪ್ಪ ದುಡ್ಡು ಕೊಡಲ್ಲ ಅಂತಾರೆ’ ಎನ್ನುವುದು ಮಾತ್ರ ಕಾರಣವಾಗದು, ಅದಕ್ಕೆ ಇಲ್ಲಿಯವರೂ ಕರಗುವುದಿಲ್ಲ. ಒಮ್ಮೆ ಒಪ್ಪಿದರೆ, ಪರಿಸ್ಥಿತಿ ಬದಲಾಗದಿದ್ದರೆ ಅದೇ ಕಾಲೇಜಿನಲ್ಲಿ ಮುಂದಿನ ವರ್ಷಗಳಿಗೂ ಅದೇ ನಡೆಯುತ್ತದೆ. ಗಾಯವನ್ನು ವರ್ಷವರ್ಷ ಕೆರೆದು ತೋರಿಸಬೇಕಾಗಿಲ್ಲ.

ಈಗ ನಮ್ಮ ನಾಡಕಚೇರಿಯ ಕಿಟಕಿಗೆ ಬನ್ನಿ. ರಾಜ್ಯದ ವಿದ್ಯಾರ್ಥಿವೇತನ ಬೇಕಾದರೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಜಾತಿ ಬರುವುದು ಅಪ್ಪನಿಂದ, ಆದಾಯ ಬರುವುದು ಕುಟುಂಬದಿಂದ, ಕುಟುಂಬ ಬರುವುದು ರೇಷನ್ ಕಾರ್ಡಿನಿಂದ. ಕಿಟಕಿಯಲ್ಲಿ ನಡೆಯುವ ಮಾತು ಎಲ್ಲರೂ ಕೇಳಿದ್ದೇ:

‘ಅಪ್ಪನ್ನ ಕರ್ಕೊಂಡು ಬಾರಪ್ಪ.’

‘ಅಪ್ಪ ಇಲ್ಲ ಸಾರ್.’

‘ಹಾಗಾದ್ರೆ ಡೆತ್ ಸರ್ಟಿಫಿಕೇಟ್ ತಗೊಂಡು ಬಾ.’

‘ಸತ್ತಿಲ್ಲ ಸಾರ್. ಬಿಟ್ಟು ಹೋಗಿದಾರೆ.’

ಸತ್ತ ಅಪ್ಪನಿಗೆ ನಮ್ಮಲ್ಲಿ ಕಾಗದ ಉಂಟು. ಬಿಟ್ಟುಹೋದ ಅಪ್ಪನಿಗೆ, ಕುಡಿದು ಬಂದು ಪುಸ್ತಕ ಒಲೆಗೆ ಹಾಕುವ ಅಪ್ಪನಿಗೆ ಯಾವ ಕಾಗದ? ಅಂಥವನನ್ನೇ ಹುಡುಕಿ, ಕಾಲು ಹಿಡಿದು, ಸಹಿ ಹಾಕಿಸಿಕೊಂಡು ಬರಬೇಕು. ತಪ್ಪಿಸಿಕೊಂಡು ಓಡಿದ ಮನೆಗೇ ಓದಿನ ನೆಪದಲ್ಲಿ ವಾಪಸ್ಸು! ಇಷ್ಟಾಗಿ ಮಾರ್ಕ್ಸ್‌ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಾಯಿತೋ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೋ, ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ಸೈಬರ್ ಸೆಂಟರಿನವನು ‘ನಾಳೆ ಬಾ’ ಎನ್ನುತ್ತಾನೆ.

ಕಾನೂನೇ ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಗಳಿವೆ, ಮಕ್ಕಳ ಸಹಾಯವಾಣಿ 1098 ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವೂ ಇದೆ. ಗಂಡ ಬಿಟ್ಟುಹೋದ ತಾಯಿಯ ಮಕ್ಕಳಿಗೂ, ನೆಂಟರ ಮನೆಯಲ್ಲಿರುವ ಅನಾಥ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದರೆ ಅಂಥದೊಂದು ಘಟಕ ಉಂಟು ಎಂದು ಕಿಟಕಿಯ ಮುಂದೆ ನಿಂತ ಹುಡುಗನಿಗೆ ಹೇಳುವವರು ಯಾರು? ಅರ್ಜಿಯಲ್ಲೇ ಒಂದು ಪ್ರಶ್ನೆ ಇದ್ದಿದ್ದರೆ ಅವನು ಯಾರನ್ನೂ ಕೇಳಬೇಕಿರಲಿಲ್ಲ.

ಇಲ್ಲಿ ಅಮೆರಿಕದಲ್ಲಿಯೂ ಕಾಗದವೇ ಇಲ್ಲದ ಮಕ್ಕಳಿದ್ದಾರೆ. ಐಡಹೊದಂಥ ರಾಜ್ಯಗಳಲ್ಲಿ ಮನೆಯಲ್ಲೇ ಪಾಠ ಹೇಳುತ್ತೇವೆ ಎನ್ನುವ ಪೋಷಕರು ಸರ್ಕಾರಕ್ಕೆ ತಿಳಿಸಬೇಕಾಗಿಯೂ ಇಲ್ಲ, ಪರೀಕ್ಷೆ ಬರೆಸಬೇಕಾಗಿಯೂ ಇಲ್ಲ. ಬೆಟ್ಟದ ಮೂಲೆಯಲ್ಲಿ, ಶಾಲೆಯ ಬಾಗಿಲು ನೋಡದೆ ಬೆಳೆದ ಮಗುವಿಗೆ ಕೆಲವೊಮ್ಮೆ ಜನನ ಪ್ರಮಾಣಪತ್ರವೂ ಇರುವುದಿಲ್ಲ. ಅದಿಲ್ಲದೆ ನಮ್ಮ ಆಧಾರಿನಂಥ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗೂ ಪರದಾಟ. ಹಾಗಾಗಿ ಮೊದಲ ಕೆಲಸ ಓದಲ್ಲ. ಹುಟ್ಟು ಬಲ್ಲವರ ಅಫಿಡವಿಟ್, ಚರ್ಚಿನ ದಾಖಲೆ ಇಂಥವನ್ನು ಕೂಡಿಸಿ ತಡವಾದ ಜನನ ನೋಂದಣಿ ಮಾಡಿಸುವುದು.

ಆಮೇಲೆ ಜಿಇಡಿ. ಯುದ್ಧಕ್ಕೆ ಹೋಗಿ ಹೈಸ್ಕೂಲು ಬಿಟ್ಟ ಸೈನಿಕರಿಗಾಗಿ 1942ರಲ್ಲಿ ಶುರುವಾದ, ಹೈಸ್ಕೂಲು ಪಾಸಿಗೆ ಸಮನಾದ ಪರೀಕ್ಷೆ ಇದು. ಭಾಷೆ 150 ನಿಮಿಷ, ಗಣಿತ 115, ವಿಜ್ಞಾನ 90, ಸಮಾಜ 70. ಒಂದೊಂದನ್ನೂ ಬೇರೆ ಬೇರೆ ದಿನ ಬರೆಯಬಹುದು. 200ಕ್ಕೆ 145 ಬಂದರೆ ಪಾಸು. ಆದರೆ ಅದು ಶೇಕಡಾವಾರು ಲೆಕ್ಕವಲ್ಲ, ಅಂಕಪಟ್ಟಿ ಶುರುವಾಗುವುದೇ 100ರಿಂದ. ಒಬ್ಬರೇ ಓದಿಕೊಂಡವರು ಮುಗ್ಗರಿಸುವುದು ಬಹುತೇಕ ಗಣಿತದಲ್ಲಿ. ಮನೆಯಲ್ಲಿ ಲೆಕ್ಕವನ್ನು ವ್ಯಾಪಾರದಷ್ಟಕ್ಕೆ ಕಲಿತಿರುತ್ತಾರೆ, ಬೀಜಗಣಿತ ಕಂಡಿರುವುದಿಲ್ಲ. ಅಂಥವರು ಗಣಿತವನ್ನು ಕೊನೆಗಿಟ್ಟು, ಕಮ್ಯುನಿಟಿ ಕಾಲೇಜಿನ ವಯಸ್ಕರ ತರಗತಿಗೆ ಕೆಲವು ತಿಂಗಳು ಹೋಗಿ ಬರೆಯುವುದು ಮೇಲು. ಫೇಲಾದರೆ ಆ ಒಂದು ವಿಷಯ ಮಾತ್ರ ಮತ್ತೆ. ಮೂರನೇ ಸಲವೂ ಕೈಕೊಟ್ಟರೆ 60 ದಿನ ಕಾಯಬೇಕು.

ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಫೇಲಾದ ವಿಷಯ ಮಾತ್ರ ಬರೆದರೆ ಸಾಕು ಎಂಬುದನ್ನು ಒಪ್ಪಬೇಕು. 2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂತು. ನಮ್ಮ ಸರ್ಕಾರಿ ಕಾಲೇಜಿನ ಶುಲ್ಕ ಎಷ್ಟು ಕಡಿಮೆ ಎಂದು ಇಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ.

ಇನ್ನೂ ಒಂದಿದೆ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. ಡಿಸೆಂಬರ್‌ನಲ್ಲಿ ಅಮೆರಿಕದ ಎಷ್ಟೋ ಹಾಸ್ಟೆಲುಗಳ ಬಾಗಿಲಿಗೆ ಚೀಟಿ ಬೀಳುತ್ತದೆ: ಕೊನೆಯ ಪರೀಕ್ಷೆ ಮುಗಿದ 24 ಗಂಟೆಯೊಳಗೆ ಕೋಣೆ ಬಿಡಿ, ಜನವರಿಯಲ್ಲಿ ಬನ್ನಿ. ‘ಅಪ್ಪ ಅಮ್ಮ ಇಲ್ಲ’ ಎಂದು ಅಷ್ಟು ಮರ್ಯಾದೆಯಿಂದ ಬರೆದುಕೊಂಡ ಕಾಲೇಜೇ ಮೂರು ವಾರ ‘ಮನೆಗೆ ಹೋಗು’ ಎನ್ನುತ್ತದೆ. ಕೆಲವು ಕಾಲೇಜುಗಳು ಇಂಥವರಿಗೆ ಕೋಣೆ ತೆರೆದಿಡುತ್ತವೆ, ಅದಕ್ಕೂ ಮುಂಚೆಯೇ ಕೇಳಿಕೊಂಡಿರಬೇಕು. ಉಳಿದವರು ಗೆಳೆಯರ ಸೋಫಾದ ಮೇಲೆ, ಕಾರಿನಲ್ಲಿ.

ನಮ್ಮಲ್ಲಿ ವಾರಾನ್ನ ಉಂಡು ಓದಿದ ಒಂದು ತಲೆಮಾರೇ ಇತ್ತು. ಸಿದ್ಧಗಂಗೆಯಲ್ಲಿ ಈಗಲೂ ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕೂತು ಉಂಡು ಓದುತ್ತಾರೆ. ಹಾಸ್ಟೆಲು ಮುಚ್ಚಿದ ಏಪ್ರಿಲ್‌ನಲ್ಲಿ ‘ರಜಕ್ಕೆ ಎಲ್ಲಿಗೋ ಹೋಗ್ತೀಯ, ನಮ್ಮನೇಲೇ ಇರು, ಜಗಲಿ ಖಾಲಿ ಇದೆ’ ಎನ್ನುವ ಮೇಷ್ಟ್ರು ಈಗಲೂ ತಾಲ್ಲೂಕಿಗೊಬ್ಬರಾದರೂ ಇದ್ದಾರೆ. ಆ ಮಾತಿಗೆ ಅರ್ಜಿ ಬೇಡ, ಆರ್‌ಡಿ ಸಂಖ್ಯೆ ಬೇಡ.

ಜೂನ್‌ನಲ್ಲಿ ಆ ಮೇಷ್ಟ್ರಿಗೆ ವರ್ಗವಾದರೆ ಮಾತ್ರ ಹುಡುಗ ಮತ್ತೆ ಅದೇ ಕಿಟಕಿಯ ಮುಂದೆ.