ನಿಮ್ಮ ಚರ್ಮವೇ ಹಾಗೆ, ಮೇಡಂ

ಈ ಮಾತನ್ನು ಇದುವರೆಗೆ ನಾಲ್ವರು ನನಗೆ ಹೇಳಿದ್ದಾರೆ. ಬ್ಯೂಟಿ ಪಾರ್ಲರಿನವಳು, ಔಷಧಿ ಅಂಗಡಿಯವನು, ಚರ್ಮದ ಕ್ಲಿನಿಕ್ಕಿನ ಕೌನ್ಸೆಲರ್, ಅದೇ ಕ್ಲಿನಿಕ್ಕಿನ ಡಾಕ್ಟರು. ನಾಲ್ವರೂ ದುಡ್ಡು ಎಣಿಸಿಕೊಂಡ ಮೇಲೆಯೇ ಹೇಳಿದ್ದು. ದುಡ್ಡು ಕೊಡುವ ತನಕ ನನ್ನ ಚರ್ಮದಲ್ಲಿ ಯಾವ ದೋಷವೂ ಇರಲಿಲ್ಲ. 'ಒಳ್ಳೆಯ ಸ್ಕಿನ್ ಮೇಡಂ ನಿಮ್ಮದು, ಬೇಗ ರಿಸಲ್ಟ್ ಬರುತ್ತದೆ' ಎಂದು ಹೊಗಳಿದ್ದೇ ಹೊಗಳಿದ್ದು.

ನನಗಿರುವುದು ಬಂಗು. ಡಾಕ್ಟರುಗಳ ಬಾಯಲ್ಲಿ ಮೆಲಾಸ್ಮಾ. ಎರಡನೆಯ ಮಗಳು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಗಳ ಮೇಲೆ ಕಾಫಿ ಡಿಕಾಕ್ಷನ್ನಿನ ಕಲೆಯಂತೆ ಮೂಡಿತು. ಹೆರಿಗೆಯಾದರೆ ತಾನಾಗಿಯೇ ಹೋಗುತ್ತದೆ ಎಂದರು. ಮಗಳಿಗೆ ಈಗ ಒಂಬತ್ತು ವರ್ಷ. ನೋವಿಲ್ಲ, ತುರಿಕೆಯಿಲ್ಲ, ಅದರಿಂದ ನನ್ನ ಊಟ ನಿದ್ದೆಗೆ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ನೋಡುವವರಿಗೆ. ಮದುವೆ ಮನೆಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದವರು ಬಗ್ಗಿ ನೋಡಿ 'ಏನಮ್ಮ, ಮುಖಕ್ಕೆ ಏನಾಯಿತು?' ಎನ್ನುತ್ತಾರೆ. ನನ್ನ ಗಂಡನ ಹೊಟ್ಟೆ ಅಂಗಿಯ ಗುಂಡಿ ಕಿತ್ತುಕೊಂಡು ಹೊರಬಂದಿದೆ. ಅದಕ್ಕೆ ಏನಾಯಿತು ಎಂದು ಯಾವ ಮದುವೆಯಲ್ಲೂ ಯಾರೂ ಅವರನ್ನು ಕೇಳಿದ್ದು ನಾನು ಕಂಡಿಲ್ಲ.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚಿದೆ. ರಕ್ತಚಂದನ ಹಚ್ಚಿದೆ. ಅತ್ತಿಗೆಯೊಬ್ಬರು ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ಎಳೆಬಿಸಿಲಿನಲ್ಲಿ ಕುಳಿತುಕೋ ಎಂದರು. ಕುಳಿತೆ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟು ಮತ್ತಷ್ಟು ಕಪ್ಪಾಗುತ್ತದೆ ಎಂದು ನನಗೆ ತಿಳಿದದ್ದು ಕಪ್ಪಾದ ಮೇಲೆ. ಅತ್ತಿಗೆಯ ಮೇಲೆ ನನಗೆ ಕೋಪವಿಲ್ಲ, ಅವರು ಬಿಲ್ ಕೊಟ್ಟಿರಲಿಲ್ಲ.

ಪಾರ್ಲರಿನವಳು ಬ್ಲೀಚ್ ಮಾಡಿದಳು. ಅಮೋನಿಯಾ ವಾಸನೆಗೆ ಕಣ್ಣೀರು ಸುರಿಯಿತು, ಮೇಲ್ದುಟಿಯ ಮೇಲೆ ಸುಟ್ಟು ಸಿಪ್ಪೆ ಎದ್ದಿತು. ಉರಿಯುತ್ತಿದೆ ಎಂದರೆ 'ಸ್ವಲ್ಪ ಉರಿದರೇನೇ ಕೆಲಸ ಮಾಡುತ್ತಿದೆ ಎಂದರ್ಥ' ಎಂದಳು. ಸಿಪ್ಪೆ ಎದ್ದಾಗ ಚರ್ಮವೇ ಹಾಗೆ ಎಂದಳು. ಅವಳ ವಿಷಯ ಇಷ್ಟು ಸಾಕು.

ಔಷಧಿ ಅಂಗಡಿಯವನದು ಇದಕ್ಕಿಂತ ದೊಡ್ಡ ಕಥೆ. ಜ್ವರದ ಮಾತ್ರೆ ಕೊಳ್ಳಲು ಹೋಗಿದ್ದೆ. ನನ್ನ ಮುಖ ನೋಡಿದವನೇ ತಾನಾಗಿ ಒಂದು ಟ್ಯೂಬ್ ತೆಗೆದಿಟ್ಟ. 'ಎಲ್ಲರೂ ಇದನ್ನೇ ಒಯ್ಯುವುದು.' ಚೀಟಿ ಕೇಳಲಿಲ್ಲ, ಎಷ್ಟು ದಿನ ಹಚ್ಚಬೇಕೆಂದು ಹೇಳಲಿಲ್ಲ. ಮೂರು ವಾರದಲ್ಲಿ ಮುಖ ಹೊಳೆಯತೊಡಗಿತು. ಕಚೇರಿಯಲ್ಲಿ 'ಏನು ವಿಶೇಷ?' ಎಂದು ಕೇಳಿದರು. ನಾನು ಎಂಟು ತಿಂಗಳು ಹಚ್ಚಿದೆ! ಆಮೇಲೆ ಒಲೆಯ ಮುಂದೆ ನಿಂತರೂ ಕೆನ್ನೆ ಕೆಂಪೇರಿ ಉರಿಯತೊಡಗಿತು. ಗಲ್ಲದ ಮೇಲೆ ಕೂದಲು ಬಂದವು, ಚರ್ಮದ ಕೆಳಗೆ ಎಳೆ ಎಳೆಯಾಗಿ ರಕ್ತನಾಳ ಕಾಣಿಸಿತು. ಬಿಟ್ಟರೆ ಉರಿ, ಹಚ್ಚಿದರೆ ಶಾಂತಿ, ಥೇಟ್ ಕುಡಿತದ ಚಟದಂತೆ. ಟ್ಯೂಬಿನ ಮೇಲೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಮಗನಿಂದ ಓದಿಸಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಚರ್ಮದ ಡಾಕ್ಟರು ಕೆಲವು ವಾರಗಳ ಮಟ್ಟಿಗೆ, ಲೆಕ್ಕವಿಟ್ಟು ಬರೆದುಕೊಡಬೇಕಾದ ಔಷಧಿ. ಇಂತಹ ಮುಲಾಮುಗಳು ಮುಖಗಳನ್ನು ಹಾಳು ಮಾಡುತ್ತಿವೆ ಎಂದು ಚರ್ಮವೈದ್ಯರೇ ವರ್ಷಗಟ್ಟಲೆ ಕೂಗಿಕೊಂಡ ಮೇಲೆ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಆದೇಶ ದೆಹಲಿಯಲ್ಲಿದೆ, ಟ್ಯೂಬು ನಮ್ಮ ಬೀದಿಯ ಗಾಜಿನ ಕಪಾಟಿನಲ್ಲಿದೆ, ಕೈಗೆ ಎಟುಕುವ ಸಾಲಿನಲ್ಲೇ.

ಹೀಗೆ ಬೆಂದ ಮುಖ ಹೊತ್ತುಕೊಂಡು ಹೋದದ್ದು ಆ ಕ್ಲಿನಿಕ್ಕಿಗೆ. ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಹಾಗೆ ಎಂದು ನೀವು ನೆಮ್ಮದಿ ಪಟ್ಟುಕೊಳ್ಳುತ್ತೀರಿ.

ಹೋಟೆಲಿನಂತಹ ಸ್ವಾಗತ. ಗಾಜಿನ ಲೋಟದಲ್ಲಿ ಸೌತೆಕಾಯಿ ತೇಲಿಸಿದ ನೀರು. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಇಲ್ಲಿ ಗೋಡೆಯ ತುಂಬ ಹಾಲಿನ ಬಣ್ಣದ ಹುಡುಗಿಯರ ಚಿತ್ರಗಳಿದ್ದವು, ಅವರಲ್ಲಿ ಒಬ್ಬಳೂ ನಮ್ಮ ಜಿಲ್ಲೆಯವಳಂತೆ ಕಾಣಲಿಲ್ಲ. ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ನನ್ನನ್ನು ಒಳಗೆ ಕರೆದೊಯ್ದು ಯಂತ್ರದೊಳಗೆ ಮುಖವಿಡಿಸಿ ಚಿತ್ರ ತೆಗೆದಳು. ಅವಳನ್ನು ಡಾಕ್ಟರ್ ಎಂದುಕೊಂಡು ಹತ್ತು ನಿಮಿಷ ನನ್ನ ಹೆರಿಗೆ, ಮುಟ್ಟು, ಮಾತ್ರೆಗಳ ಕಥೆಯನ್ನೆಲ್ಲ ಹೇಳಿಕೊಂಡೆ. ಅವಳು ಕೌನ್ಸೆಲರ್. ಅವಳ ಕೆಲಸ ಮಾರಾಟ. ಪರದೆಯ ಮೇಲೆ ನನ್ನ ಮುಖ ನೀಲಿ, ಕಪ್ಪು ಕಲೆಗಳ ನಕ್ಷೆಯಾಗಿ ಮೂಡಿತು. ಮಸಣದಿಂದ ಎದ್ದು ಬಂದವಳ ಹಾಗೆ ಕಾಣುತ್ತಿದ್ದೆ. ಅದನ್ನು ನೋಡಿದ ಯಾವ ಹೆಂಗಸಾದರೂ ಕೈಚೀಲ ಬಿಚ್ಚಿಯೇ ಬಿಚ್ಚುತ್ತಾಳೆ, ಆ ಯಂತ್ರ ಇರುವುದೇ ಅದಕ್ಕೆ.

ಎಂಟು ಸಿಟ್ಟಿಂಗಿನ ಪ್ಯಾಕೇಜ್. ಲೇಸರ್ ಬೆಳಕು ಹೊಡೆದು ಕಲೆ ತಿಳಿಗೊಳಿಸುವ ಲೇಸರ್ ಟೋನಿಂಗ್, ನಡುನಡುವೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಕೆಮಿಕಲ್ ಪೀಲ್. 48,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 8,640. ಒಟ್ಟು 56,640. ಬಡ್ಡಿಯಿಲ್ಲದ ಆರು ಕಂತು, ತಿಂಗಳಿಗೆ 9,440. ಈ ಲೆಕ್ಕ ಬಾಯಿಪಾಠವಾಗಿದೆ, ಏಕೆಂದರೆ ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಸಾಲ ಪಡೆಯಲು ಬಂದ ರೈತರಿಗೆ ಕರಾರನ್ನು ಓದಿ ಹೇಳದೆ ಸಹಿ ಮಾಡಿಸುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಅಂತಹ ನಾನೇ ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ, ಕೌಂಟರಿನ ಮುಂದೆ ನಿಂತು, ಪೆನ್ನಿನ ತುದಿ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದೆ. 'ಫಾರ್ಮಾಲಿಟಿ ಮೇಡಂ.' ಈ ದಡ್ಡತನ ನನ್ನದೇ, ಯಾರ ತಲೆಗೂ ಕಟ್ಟುವುದಿಲ್ಲ.

ಡಾಕ್ಟರು ನನ್ನನ್ನು ನೋಡಿದ್ದು ನಾಲ್ಕು ನಿಮಿಷ. ನಿಮ್ಮ ತಾಯಿಗೆ ಬಂಗು ಇತ್ತೇ ಎಂದು ಕೇಳಲಿಲ್ಲ. ಇತ್ತು. ಅವ್ವ ಮಂಡ್ಯದ ಕಡೆಯ ಕಬ್ಬಿನ ಗದ್ದೆಯಲ್ಲಿ ಸೆರಗು ತಲೆಗೆ ಸುತ್ತಿಕೊಂಡು ಜೀವಮಾನವಿಡೀ ದುಡಿದವಳು. ಅವಳ ಕೆನ್ನೆಯ ಮೇಲೂ ಇದೇ ಆಕಾರದ ಕಲೆ. ಪೀಲ್ ಹಚ್ಚುವ ದಿನ ಅಲ್ಲಿನ ಹುಡುಗಿ 'ಗ್ಲೈಕಾಲಿಕ್ ಆಸಿಡ್ ಮೇಡಂ, ಕಬ್ಬಿನಲ್ಲಿ ಸಿಗುವಂಥದ್ದು, ನ್ಯಾಚುರಲ್' ಎಂದಾಗ ನಗು ಬಂತು. ಕಬ್ಬು ಏನು ಮಾಡುತ್ತದೆಂದು ನಮಗೆ ಹೇಳಿಕೊಡುತ್ತಾಳೆ. ಕಬ್ಬಿನ ಗರಿ ಕೊಯ್ದ ಕೈಗಳನ್ನು ನೋಡಿ ಬೆಳೆದವಳು ನಾನು.

ನಾಲ್ಕು ಸಿಟ್ಟಿಂಗ್ ಹೇಗೋ ಮುಗಿದವು. ಕಣ್ಣಿಗೆ ಲೋಹದ ಮುಚ್ಚಳ, ಚಟಚಟ ಸದ್ದು, ಸುಟ್ಟ ಕೂದಲಿನ ವಾಸನೆ. ಪ್ರತಿ ಸಲ ಬೇರೆ ಹುಡುಗಿ. ಕಲೆ ತುಸು ತೆಳುವಾದಂತೆ ಕಂಡಿತು ಅಥವಾ ಕಟ್ಟಿದ ಕಂತು ಹಾಗೆ ಕಾಣಿಸಿತು. ಐದನೆಯ ಸಲ ಬಂದವಳು ಹೊಸಬಳು. ಮೊದಲ ಹೊಡೆತಕ್ಕೇ ಹಿಂದೆಂದೂ ಆಗದಷ್ಟು ನೋವಾಯಿತು. ಜೋರಾಗಿದೆ ಎಂದೆ. 'ಪವರ್ ಸ್ವಲ್ಪ ಏರಿಸಿದ್ದೇನೆ, ರಿಸಲ್ಟ್ ಬೇಗ ಬರಲಿ ಎಂದು' ಎಂದಳು. ಯಾರನ್ನು ಕೇಳಿ ಏರಿಸಿದೆ ತಾಯಿ? ಡಾಕ್ಟರು ಅಂದು ಬೇರೆ ಶಾಖೆಯಲ್ಲಿದ್ದರು.

ಮರುದಿನ ಎಡಗೆನ್ನೆಯಲ್ಲಿ ಕಂದು ಹಕ್ಕಳೆ. ಎರಡು ವಾರದಲ್ಲಿ ಹಕ್ಕಳೆ ಉದುರಿ, ಅದರಡಿಯಿಂದ ಬಂಗಿಗಿಂತ ಕಪ್ಪಾದ ಕಲೆ ಹೊರಬಂತು. ಅದರೊಳಗೆ ಅಲ್ಲಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ನಮ್ಮಂತಹ ಕಂದು ಚರ್ಮಕ್ಕೆ ಬಿಸಿ ತಾಗಿದರೆ, ಕೆರಳಿದರೆ, ಅದು ಇನ್ನಷ್ಟು ಬಣ್ಣ ಸುರಿಸುತ್ತದೆ. ಲೇಸರ್ ಹೆಚ್ಚಾದರೆ ಕೆಲವು ಕಡೆ ಬಣ್ಣವೇ ಹೊರಟುಹೋಗಿ ಚುಕ್ಕೆ ಬೀಳುತ್ತದೆ. ಎರಡೂ ಗೊತ್ತಿರುವ ಅಪಾಯಗಳೇ. ನಾನು ಸಹಿ ಹಾಕಿದ ಕಾಗದದ ಮೂರನೆಯ ಪುಟದಲ್ಲೂ ಇವೆ. ಗೊತ್ತಿದ್ದವರು ಬಾಯಲ್ಲಿ ಹೇಳಲಿಲ್ಲ, ಅಷ್ಟೇ.

ಓಡಿಹೋದೆ. ಕೌನ್ಸೆಲರ್ ನನ್ನ ಕೆನ್ನೆಯನ್ನು ಹತ್ತಿರದಿಂದ ನೋಡಿ, ತಲೆ ಓರೆ ಮಾಡಿ, 'ನಿಮ್ಮ ಚರ್ಮವೇ ಹಾಗೆ ಮೇಡಂ, ತುಂಬಾ ಸೆನ್ಸಿಟಿವ್' ಎಂದಳು. ಡಾಕ್ಟರೂ ಅದನ್ನೇ ಗಂಭೀರವಾದ ದನಿಯಲ್ಲಿ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಆ ನೆಲ ನನ್ನ ಮುಖ! ಅದರ ಮೇಲೆ ಕುಣಿಯಲು ದುಡ್ಡು ಕೊಟ್ಟವಳೂ ನಾನೇ. ಆಮೇಲೆ, ಕೇಳಿ, ಇದಕ್ಕೆ ಪರಿಹಾರವಾಗಿ ಇನ್ನೊಂದು ಪ್ಯಾಕೇಜು ಮುಂದಿಟ್ಟರು. ಚರ್ಮ ಬೆಳ್ಳಗಾಗಲೆಂದು ರಕ್ತನಾಳದ ಮೂಲಕ ಕೊಡುವ ಗ್ಲುಟಾಥಯೋನ್ ಡ್ರಿಪ್. 'ನಮ್ಮಲ್ಲಿ ತೊಂದರೆಯಾದವರಿಗೆ ಶೇ 30 ರಿಯಾಯಿತಿ.' ತೊಂದರೆಯಾದವರಿಗೇ ಒಂದು ದರ ನಿಗದಿ ಮಾಡಿಟ್ಟಿದ್ದಾರೆ ಎಂದರೆ, ಅಂಥವರು ಎಷ್ಟು ಜನ ಇರಬಹುದು?

ನಾನು ದುಡ್ಡು ವಾಪಸ್ ಕೇಳಿದೆ. ಆಗ ಮ್ಯಾನೇಜರ್ ಬಂದರು. 'ವೈದ್ಯಕೀಯ ಚಿಕಿತ್ಸೆ ಎಂದ ಮೇಲೆ ಸೈಡ್ ಎಫೆಕ್ಟ್ ಇದ್ದೇ ಇರುತ್ತದೆ' ಎಂದರು. ನಾನು ಬಿಲ್ ತೆಗೆದು ಮೇಜಿನ ಮೇಲಿಟ್ಟೆ. ನನಗೆ ಬೇರೇನೂ ಬಾರದಿದ್ದರೂ ಬಿಲ್ ಓದಲು ಬರುತ್ತದೆ. ಕಾಯಿಲೆಗೆ ಡಾಕ್ಟರು ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ನನ್ನಿಂದ ಶೇ 18 ವಸೂಲಿ ಮಾಡಿದ್ದು ಇದು ಸೌಂದರ್ಯದ ಸೇವೆ ಎಂಬ ಲೆಕ್ಕದಲ್ಲಿ. ದುಡ್ಡು ತೆಗೆದುಕೊಳ್ಳುವಾಗ ಸೌಂದರ್ಯ, ಸುಟ್ಟಾಗ ವೈದ್ಯಕೀಯ. ಯಾವುದಾದರೂ ಒಂದನ್ನು ಹೇಳಿ ಸ್ವಾಮಿ ಎಂದೆ. ಅವರು ಬಿಲ್ಲಿನ ಅಡಿಯಲ್ಲಿದ್ದ 'ಪಾವತಿಸಿದ ಹಣವನ್ನು ಹಿಂದಿರುಗಿಸಲಾಗುವುದಿಲ್ಲ' ಎಂಬ ಸಾಲಿನ ಮೇಲೆ ಬೆರಳಿಟ್ಟರು. ಅವರು ಕೊಟ್ಟ ಇಂಗ್ಲಿಷ್ ಕಾಗದಗಳ ನಡುವೆ ಆ ಒಂದು ಸಾಲು ಮಾತ್ರ ಅಚ್ಚ ಕನ್ನಡದಲ್ಲಿತ್ತು.

ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದದ್ದು ಆಮೇಲೆ. ಮೂರು ಗಂಟೆ ಬೆಂಚಿನ ಮೇಲೆ ಕುಳಿತೆ. ತೊನ್ನು, ಗಜಕರ್ಣ, ಕಜ್ಜಿ ಆದ ಮಕ್ಕಳ ನಡುವೆ ಕೆನ್ನೆಯ ಕಲೆ ಹಿಡಿದುಕೊಂಡು ಕೂರಲು ನಾಚಿಕೆಯೂ ಆಯಿತು. ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ಮೊದಲು ಕೇಳಿದ್ದು 'ತಾಯಿಗೆ ಇತ್ತೇ?' ಎರಡನೆಯದು 'ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ ನಿಲ್ಲುತ್ತೀರಿ?' ಬಂಗಿಗೆ ಬಿಸಿಲು ಮಾತ್ರವಲ್ಲ, ಬಿಸಿಯೂ ಆಗದು. ಮನೆತನ, ಬಸಿರು, ಹಾರ್ಮೋನು, ಬೆಳಕು ಎಲ್ಲವೂ ಸೇರಿ ಬರುವ ಇದು ತಗ್ಗುತ್ತದೆ, ಪೂರ್ತಿ ಹೋಗಿಬಿಡುತ್ತದೆ ಎಂದು ಯಾರೂ ಮಾತು ಕೊಡುವಂತಿಲ್ಲ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಬಿಸಿಲಿನ ಅತಿನೇರಳೆ ಕಿರಣವನ್ನು ತಡೆದರೂ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯದು, ಐರನ್ ಆಕ್ಸೈಡ್ ಸೇರಿದ ಚರ್ಮದ ಬಣ್ಣದ್ದನ್ನು ಹಚ್ಚಿ, ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ ಎಂದರು. ಸದ್ಯಕ್ಕೆ ಲೇಸರ್ ಹೆಸರು ಎತ್ತಬೇಡಿ ಎಂದರು. ಇದೆಲ್ಲ ಹೇಳಲು ಅವರಿಗೆ ಹಿಡಿದದ್ದು ಏಳು ನಿಮಿಷ.

ಆ ಏಳು ನಿಮಿಷದ ಮಾತು ಮೊದಲ ದಿನವೇ ಕಿವಿಗೆ ಬಿದ್ದಿದ್ದರೆ! ಪೂರ್ತಿ ಹೋಗುವುದಿಲ್ಲ ಎಂದು ತಿಳಿದಿದ್ದರೂ ನಾನು ಬಹುಶಃ ದುಡ್ಡು ಕೊಡುತ್ತಿದ್ದೆ. ಅಂದವಾಗಿ ಕಾಣಬೇಕೆಂಬ ಆಸೆ ನನಗಿಲ್ಲವೇ? ಇದೆ. ಕಿರಿಯ ತಂಗಿಯ ಮದುವೆಯ ಫೋಟೋಗಳಲ್ಲಿ ನಾನು ಒಂದರಲ್ಲೂ ನೇರವಾಗಿ ಕ್ಯಾಮೆರಾ ನೋಡಿಲ್ಲ. ಆಸೆಪಡುವ ಹೆಂಗಸರನ್ನು ನೋಡಿ ನಗುವವರು ಈ ಬರಹದ ಕೆಳಗೆ 'ಇರುವ ಬಣ್ಣವನ್ನು ಪ್ರೀತಿಸಿ ಅಕ್ಕಾ' ಎಂದು ಉಪದೇಶಿಸಲು ಬರಬೇಡಿ. ನಿಮ್ಮ ಮನೆಯ ಹುಡುಗನಿಗೆ ಹೆಣ್ಣು ಹುಡುಕುವಾಗ ನೀವು ಬಣ್ಣದ ಬಗ್ಗೆ ಏನು ಕೇಳುತ್ತೀರೆಂದು ನನಗೆ ಗೊತ್ತಿದೆ.

ಈಗ ನನ್ನ ಜಗಳ ಇನ್ನೂ ಉಳಿದಿರುವ ಮೂರು ಸಿಟ್ಟಿಂಗಿನ ಹಣಕ್ಕೆ ಮತ್ತು ಮುಖಕ್ಕೆ ಆದ ಹಾನಿಗೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರಿಲ್ಲದೆಯೂ ನಾವೇ ವಾದಿಸಬಹುದು ಎಂದು ಸಂಘದ ಕಾರ್ಯದರ್ಶಿ ಹೇಳಿದರು. ಅದಕ್ಕೆ ದಾಖಲೆ ಬೇಕು. ಐದನೆಯ ದಿನ ಯಂತ್ರವನ್ನು ಎಷ್ಟಕ್ಕೆ ಇಟ್ಟಿದ್ದರು, ಯಂತ್ರ ಹಿಡಿದವರ ಅರ್ಹತೆ ಏನು ಎಂಬುದಿರುವ ನನ್ನ ಫೈಲ್ ಕೇಳಿದರೆ 'ಅದು ಕ್ಲಿನಿಕ್ಕಿನ ಆಸ್ತಿ ಮೇಡಂ' ಎಂದರು. ನನ್ನ ಮುಖ, ಅವರ ಆಸ್ತಿ.

ರೋಗಿ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನೇ ಹೋಗಿ ಕನ್ನಡದಲ್ಲಿ ಬರೆದ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಮೊಹರು ಹಾಕಿದವಳು ಅದೇ ಕೌನ್ಸೆಲರ್. ಓದದೆ ಹಾಕಿದಳು. ಮಧ್ಯಾಹ್ನ ಅವರ ಕ್ಲಿನಿಕ್ಕಿನಿಂದ ಮೊಬೈಲಿಗೆ ಸಂದೇಶ ಬಂತು, ನನ್ನ ಆರನೆಯ ಸಿಟ್ಟಿಂಗ್ ಬಾಕಿಯಿದೆಯಂತೆ, ಈ ವಾರ ಬಂದರೆ ಕಣ್ಣಿನ ಸುತ್ತಲ ಕಪ್ಪಿಗೆ ಒಂದು ಮಾಸ್ಕ್ ಉಚಿತವಂತೆ.

ಸೋಮವಾರ ಹನ್ನೊಂದಕ್ಕೆ ಬರುತ್ತೇನೆ ಎಂದು ಉತ್ತರ ಹಾಕಿದ್ದೇನೆ.