ಪ್ಯಾಲೆಸ್ಟೀನ್ ಮತದಾರರ ತೀರ್ಪಿಗೆ ವಿದೇಶಗಳು ತೋರಿದ್ದು ಇಬ್ಬಗೆಯ ನೀತಿಯೇ?

2006ರ ಜನವರಿ 25ರಂದು ಪಶ್ಚಿಮ ದಂಡೆ, ಗಾಜಾ ಮತ್ತು ಪೂರ್ವ ಜೆರುಸಲೇಮ್‌ನ ಮತದಾರರು ಪ್ಯಾಲೆಸ್ಟೀನ್ ಶಾಸನಸಭೆಯ 132 ಸ್ಥಾನಗಳಿಗೆ ಪ್ರತಿನಿಧಿಗಳನ್ನು ಆರಿಸಿದರು. ಹಮಾಸ್ 74 ಸ್ಥಾನ ಗೆದ್ದಿತು. ಅದುವರೆಗೆ ಆಳುತ್ತಿದ್ದ ಫತಾಹ್ 45ಕ್ಕೆ ಕುಸಿಯಿತು. ಐದೇ ದಿನಗಳಲ್ಲಿ ಅಮೆರಿಕ, ಐರೋಪ್ಯ ಒಕ್ಕೂಟ, ರಷ್ಯಾ ಮತ್ತು ವಿಶ್ವಸಂಸ್ಥೆಗಳ ಕೂಟವಾದ ‘ಕ್ವಾರ್ಟೆಟ್’ ಹೊಸ ಸರ್ಕಾರದ ಮುಂದೆ ಮೂರು ತತ್ವಗಳನ್ನು ಇಟ್ಟಿತು: ಹಿಂಸೆಯನ್ನು ತೊರೆಯಬೇಕು, ಇಸ್ರೇಲನ್ನು ಮಾನ್ಯ ಮಾಡಬೇಕು, ಹಿಂದಿನ ಒಪ್ಪಂದಗಳನ್ನು ಒಪ್ಪಬೇಕು. ಮುಂದಿನ ನೆರವನ್ನು ಈ ತತ್ವಗಳ ಬೆಳಕಿನಲ್ಲಿ ಪರಿಶೀಲಿಸಲಾಗುವುದು ಎಂಬ ಮಾತೂ ಅದರೊಂದಿಗೆ ಬಂತು. ಇದನ್ನು ಇಬ್ಬಗೆಯ ನೀತಿ ಎನ್ನಬಹುದೇ?

ಪರ: ಗೆದ್ದವರನ್ನು ನೋಡಿ ನಿಯಮ ಬದಲಾಯಿತು

ಈ ಪ್ರಶ್ನೆಯನ್ನು 2006ರಿಂದ ಆರಂಭಿಸುವುದೇ ತಪ್ಪು, 2003ಕ್ಕೆ ಹೋಗಬೇಕು. ಎಲ್ಲ ಅಧಿಕಾರವೂ ಅಂದಿನ ಪ್ಯಾಲೆಸ್ಟೀನ್ ಅಧ್ಯಕ್ಷ ಯಾಸಿರ್ ಅರಾಫತ್ ಒಬ್ಬರ ಮುಷ್ಟಿಯಲ್ಲಿದೆ, ಅದನ್ನು ಹಂಚಲೇಬೇಕು ಎಂದು ಅಮೆರಿಕ ಮತ್ತು ಯುರೋಪ್ ಪಟ್ಟು ಹಿಡಿದಿದ್ದರಿಂದ ಆ ವರ್ಷದ ಮಾರ್ಚ್‌ನಲ್ಲಿ ಪ್ಯಾಲೆಸ್ಟೀನಿನ ತಾತ್ಕಾಲಿಕ ಸಂವಿಧಾನವಾದ ಮೂಲ ಕಾನೂನನ್ನು ತಿದ್ದಿ ಪ್ರಧಾನಮಂತ್ರಿಯ ಹುದ್ದೆಯನ್ನು ಹೊಸದಾಗಿ ಸೃಷ್ಟಿಸಲಾಯಿತು. ಹಣಕಾಸು ಮತ್ತು ಆಂತರಿಕ ಭದ್ರತೆ ಅಧ್ಯಕ್ಷರ ಕಚೇರಿಯಿಂದ ಶಾಸನಸಭೆಗೆ ಉತ್ತರದಾಯಿಯಾದ ಸಂಪುಟದ ಕಡೆಗೆ ಸರಿಯಬೇಕು ಎಂಬುದು ಆಗಿನ ಉಪದೇಶ. ಆ ಹುದ್ದೆಗೆ ಮೊದಲು ಬಂದವರು ಮಹಮೂದ್ ಅಬ್ಬಾಸ್. ಮೂರು ವರ್ಷಗಳ ನಂತರ ಅದೇ ಕುರ್ಚಿಯಲ್ಲಿ ಹಮಾಸ್‌ನ ಇಸ್ಮಾಯಿಲ್ ಹನಿಯೆ ಕೂತರು. ಅಷ್ಟರಲ್ಲಿ ಅಬ್ಬಾಸ್ ಅಧ್ಯಕ್ಷರಾಗಿದ್ದರು. ಒಡನೆಯೇ ಉಪದೇಶ ತಿರುಗುಮುರುಗಾಯಿತು: ಹಣ ಅಧ್ಯಕ್ಷರ ಕಚೇರಿಯ ಮೂಲಕ ಹರಿಯಲಿ, ಗಡಿ ಕಾಯುವವರು ಅಧ್ಯಕ್ಷರ ಕಾವಲುಪಡೆಯವರೇ ಆಗಿರಲಿ, ಪ್ರಧಾನಿಯ ಕೈಗೆ ಏನೂ ಸಿಗದಿರಲಿ. ಕೊಳ್ಳುವಾಗ ಒಂದು ಸೇರು, ಅಳೆದು ಕೊಡುವಾಗ ಇನ್ನೊಂದು ಸೇರು ಎಂದರೆ ಇದೇ ಅಲ್ಲವೇ?

ಚುನಾವಣೆ ನಡೆಯಲೇಬೇಕೆಂದು ಒತ್ತಾಯಿಸಿದವರಲ್ಲಿ ಅಮೆರಿಕವೇ ಮುಂದಿತ್ತು. ಸ್ಥಿರತೆಗಾಗಿ ಅರವತ್ತು ವರ್ಷ ಪ್ರಜಾಪ್ರಭುತ್ವವನ್ನು ಬದಿಗಿಟ್ಟೆವು, ಕೊನೆಗೆ ಎರಡೂ ದಕ್ಕಲಿಲ್ಲ ಎಂದು ವಿದೇಶಾಂಗ ಕಾರ್ಯದರ್ಶಿ ಕೊಂಡೊಲೀಜಾ ರೈಸ್ 2005ರ ಜೂನ್‌ನಲ್ಲಿ ಕೈರೋದಲ್ಲಿ ಒಪ್ಪಿಕೊಂಡಿದ್ದರು. ಹಮಾಸ್ ಸ್ಪರ್ಧಿಸಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಅಷ್ಟೇ ಅಲ್ಲ, ಮತದಾನಕ್ಕೆ ಮೊದಲು ಫತಾಹ್ ನಡೆಸುತ್ತಿದ್ದ ಸ್ವಯಮಾಡಳಿತವಾದ ಪ್ಯಾಲೆಸ್ಟೀನ್ ಪ್ರಾಧಿಕಾರದ ಹೆಸರು ಬೆಳಗಿಸುವ ಕಾಮಗಾರಿಗಳಿಗೆ ಅಮೆರಿಕದ ನೆರವು ಸಂಸ್ಥೆ ಸುಮಾರು 20 ಲಕ್ಷ ಡಾಲರ್ ಖರ್ಚು ಮಾಡಿತ್ತು. ಇಷ್ಟಾದರೂ ಮತದಾರರು ಒಲಿಯಲಿಲ್ಲ. ಜಿಮ್ಮಿ ಕಾರ್ಟರ್ ಅವರಂಥ ವೀಕ್ಷಕರು ಮತದಾನ ಪ್ರಾಮಾಣಿಕವಾಗಿತ್ತೆಂದು ಹೇಳಿದರು, ಆ ಮಾತನ್ನು ಯಾರೂ ಅಲ್ಲಗಳೆಯಲೂ ಇಲ್ಲ.

ಶಿಕ್ಷೆ ಬಿದ್ದದ್ದು ಸಾಮಾನ್ಯರ ಸಂಬಳದ ಮೇಲೆ. ಇಸ್ರೇಲ್ ತಾನು ಸಂಗ್ರಹಿಸಿ ಪ್ರಾಧಿಕಾರಕ್ಕೆ ಒಪ್ಪಿಸಬೇಕಿದ್ದ ತೆರಿಗೆಯ ಹಣವನ್ನು, ತಿಂಗಳಿಗೆ 5ರಿಂದ 6 ಕೋಟಿ ಡಾಲರ್‌ನಷ್ಟು, ತಡೆಹಿಡಿಯಿತು. ಅದು ನೆರವಲ್ಲ, ಪ್ಯಾಲೆಸ್ಟೀನಿಯರದೇ ಹಣ. ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟಗಳು ನೇರ ನೆರವನ್ನು ನಿಲ್ಲಿಸಿದವು. ಶಿಕ್ಷಕರು, ದಾದಿಯರು, ಪೊಲೀಸರು ತಿಂಗಳುಗಟ್ಟಲೆ ಪೂರ್ಣ ಸಂಬಳ ಕಾಣಲಿಲ್ಲ. ಜೂನ್‌ನಲ್ಲಿ ಇಸ್ರೇಲಿ ಯೋಧನೊಬ್ಬನನ್ನು ಗಾಜಾಕ್ಕೆ ಸೆರೆಹಿಡಿದೊಯ್ದ ಬಳಿಕ ಇಸ್ರೇಲ್ ಹಮಾಸ್‌ನ ಸಚಿವರನ್ನೂ ಶಾಸಕರನ್ನೂ ಬಂಧಿಸಿತು. ಆಗಸ್ಟ್‌ನಲ್ಲಿ ಸಭಾಧ್ಯಕ್ಷ ಅಜೀಜ್ ದ್ವೈಕ್ ಅವರೂ ಸೆರೆಯಾದರು. ಚುನಾಯಿತ ಸಭೆ ಕೋರಂ ಇಲ್ಲದೆ ಕೂತಿತು. ವಿಶ್ವಸಂಸ್ಥೆಯ ರಾಯಭಾರಿಯಾಗಿದ್ದ ಅಲ್ವಾರೊ ಡಿ ಸೊಟೊ 2007ರಲ್ಲಿ ಹುದ್ದೆ ಬಿಡುವಾಗ ಬರೆದ ಗೋಪ್ಯ ವರದಿ ಸೋರಿಕೆಯಾದಾಗ, ಈ ನೀತಿಯನ್ನು ಒಳಗಿನವರೇ ಎಷ್ಟು ಕಟುವಾಗಿ ಖಂಡಿಸಿದ್ದರೆಂಬುದು ಹೊರಬಿತ್ತು.

ಹಮಾಸನ್ನು ಯಾರೂ ಮೆಚ್ಚಬೇಕಾಗಿರಲಿಲ್ಲ. ಆತ್ಮಾಹುತಿ ದಾಳಿಗಳ ಅದರ ಚರಿತ್ರೆಯನ್ನು ಮರೆಯಬೇಕೆಂದು ನಾನೂ ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ: ಷರತ್ತುಗಳು ಒಂದೇ ಕಡೆಗೆ ಅನ್ವಯವಾದವು. ಜೋರ್ಡಾನ್ ನದಿಯ ಪಶ್ಚಿಮಕ್ಕೆ ಪ್ಯಾಲೆಸ್ಟೀನ್ ರಾಷ್ಟ್ರವೇ ಕೂಡದೆಂದು 1999ರ ಪ್ರಣಾಳಿಕೆಯಲ್ಲಿ ಬರೆದುಕೊಂಡಿದ್ದ ಇಸ್ರೇಲಿನ ಲಿಕುಡ್ ಪಕ್ಷ ಅಧಿಕಾರಕ್ಕೆ ಬಂದಾಗ ಮಾನ್ಯತೆಯ ಷರತ್ತು ಹಾಕಿ ನೆರವು ನಿಲ್ಲಿಸಿದವರಿಲ್ಲ. 2007ರ ಜೂನ್‌ನಲ್ಲಿ ಗಾಜಾ ಹಮಾಸ್‌ನ ವಶವಾದ ನಂತರ ಅಬ್ಬಾಸ್ ನೇಮಿಸಿದ ಸಲಾಂ ಫಯ್ಯಾದ್ ಸರ್ಕಾರಕ್ಕೆ ಶಾಸನಸಭೆಯ ವಿಶ್ವಾಸಮತವಿರಲಿಲ್ಲ, ಫಯ್ಯಾದ್ ಅವರ ಪಕ್ಷ ಗೆದ್ದದ್ದು ಎರಡೇ ಸ್ಥಾನ. ಆದರೂ ನಿಂತಿದ್ದ ಹಣ ಕೆಲವೇ ದಿನಗಳಲ್ಲಿ ಹರಿಯಿತು. 2005ರಲ್ಲಿ ನಾಲ್ಕು ವರ್ಷಕ್ಕೆಂದು ಆಯ್ಕೆಯಾದ ಅಬ್ಬಾಸ್ ಅವರ ಅವಧಿ 2009ಕ್ಕೆ ಮುಗಿಯಿತು. ಆ ಬಳಿಕವೂ ವಿದೇಶಿ ನಾಯಕರು ಅವರ ಕೈ ಕುಲುಕುವುದನ್ನು ಬಿಡಲಿಲ್ಲ.

ವಿರೋಧ: ಮತದ ಹಕ್ಕು ಬೇರೆ, ನೆರವಿನ ಹಕ್ಕು ಬೇರೆ

ಚುನಾವಣೆ ಯಾರು ಆಳಬೇಕೆಂದು ತೀರ್ಮಾನಿಸುತ್ತದೆ; ಆಳುವವರಿಗೆ ಬೇರೆ ದೇಶದ ತೆರಿಗೆದಾರರು ಹಣ ಕೊಡಬೇಕೆಂದು ಅದು ತೀರ್ಮಾನಿಸುವುದಿಲ್ಲ. ಫಲಿತಾಂಶ ಅಸಿಂಧು ಎಂದು ಕ್ವಾರ್ಟೆಟ್ ಎಲ್ಲಿಯೂ ಹೇಳಲಿಲ್ಲ. ಮಾರ್ಚ್ 29ರಂದು ಹನಿಯೆ ಪ್ರಮಾಣವಚನ ಸ್ವೀಕರಿಸಿದರು. ಅಮೆರಿಕ 1997ರಿಂದ, ಐರೋಪ್ಯ ಒಕ್ಕೂಟ 2003ರಿಂದ ಹಮಾಸನ್ನು ಭಯೋತ್ಪಾದಕರ ಪಟ್ಟಿಯಲ್ಲಿ ಇಟ್ಟಿದ್ದವು. ಆ ಪಟ್ಟಿ ಫಲಿತಾಂಶ ನೋಡಿ ಬರೆದದ್ದಲ್ಲ. ಮತ ಎಣಿಸಿದ ರಾತ್ರಿಯೇ ಆ ಕಾನೂನುಗಳನ್ನು ಅಳಿಸಿಹಾಕಬೇಕಿತ್ತು ಎಂಬ ವಾದವೇ ವಿಚಿತ್ರವಾಗಿದೆ.

ಶಾಸನಸಭೆಯೇ, ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ 1990ರ ದಶಕದಲ್ಲಿ ಮಾಡಿಕೊಂಡ ಓಸ್ಲೋ ಒಪ್ಪಂದದ ಕೂಸು ಎಂಬುದನ್ನು ಎದುರು ಪಕ್ಷದವರು ಜಾಣತನದಿಂದ ಬದಿಗೆ ಸರಿಸುತ್ತಾರೆ. ಅದೇ ಕಾರಣಕ್ಕೆ 1996ರ ಚುನಾವಣೆಯನ್ನು ಹಮಾಸ್ ಬಹಿಷ್ಕರಿಸಿತ್ತು. ಹತ್ತು ವರ್ಷಗಳ ನಂತರ ಆ ಸಭೆಯ ಕುರ್ಚಿ ಬೇಕು, ಅದನ್ನು ಕಟ್ಟಿಕೊಟ್ಟ ಒಪ್ಪಂದ ಬೇಡ ಎಂದರೆ ಹೇಗೆ? ಹಿಂದಿನ ಸರ್ಕಾರದ ಸಹಿಗೆ ಮುಂದಿನ ಸರ್ಕಾರ ಬದ್ಧವಾಗಿರುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಲಿಕುಡ್‌ನ ಪ್ರಣಾಳಿಕೆಯನ್ನು ಎತ್ತಿ ತೋರಿಸಿದವರು ಇನ್ನೊಂದು ಸಂಗತಿಯನ್ನು ಹೇಳಲಿಲ್ಲ: ಓಸ್ಲೋವನ್ನು ಬಹಿರಂಗವಾಗಿ ವಿರೋಧಿಸಿ ಗೆದ್ದಿದ್ದ ಲಿಕುಡ್ ನಾಯಕ ಬೆಂಜಮಿನ್ ನೆತನ್ಯಾಹು 1997ರ ಜನವರಿಯಲ್ಲಿ ಅದೇ ಓಸ್ಲೋದ ಮುಂದುವರಿಕೆಯಾಗಿ ಹೆಬ್ರಾನ್ ನಗರದ ಬಹುಭಾಗವನ್ನು ಅರಾಫತ್ ಆಡಳಿತಕ್ಕೆ ಬಿಟ್ಟುಕೊಟ್ಟರು. ಹಮಾಸ್‌ನಿಂದ ಅಪೇಕ್ಷಿಸಿದ್ದೂ ಅಂಥದ್ದೇ. ಪ್ರಮಾಣವಚನ ನಡೆದು ಮೂರು ವಾರವಾಗುವಷ್ಟರಲ್ಲಿ, ಏಪ್ರಿಲ್ 17ರಂದು, ಟೆಲ್ ಅವೀವ್‌ನಲ್ಲಿ ಇಸ್ಲಾಮಿಕ್ ಜಿಹಾದ್ ಎಂಬ ಇನ್ನೊಂದು ಪ್ಯಾಲೆಸ್ಟೀನ್ ಸಶಸ್ತ್ರ ಗುಂಪು ನಡೆಸಿದ ಆತ್ಮಾಹುತಿ ದಾಳಿಯಲ್ಲಿ 11 ಜನ ಸತ್ತಾಗ, ಹಮಾಸ್‌ನ ವಕ್ತಾರರು ಅದನ್ನು ಸಮರ್ಥಿಸಿಕೊಂಡರು.

ಅರಬ್ಬರಾದ್ದರಿಂದ ಹೀಗೆ ನಡೆಸಿಕೊಂಡರು ಎಂಬ ದೂರೂ ಪೂರ್ತಿ ನಿಲ್ಲುವುದಿಲ್ಲ. 2000ದ ಫೆಬ್ರುವರಿಯಲ್ಲಿ ಯೋರ್ಗ್ ಹೈಡರ್ ಅವರ ಕಟು ಬಲಪಂಥೀಯ ಪಕ್ಷ ಆಸ್ಟ್ರಿಯಾದ ಸರ್ಕಾರಕ್ಕೆ ಸೇರಿದಾಗ, ಮತ ಪಡೆದೇ ಬಂದಿದ್ದ ಆ ಮಿತ್ರಕೂಟದೊಂದಿಗೆ ಒಕ್ಕೂಟದ ಉಳಿದ 14 ರಾಷ್ಟ್ರಗಳು ರಾಜತಾಂತ್ರಿಕ ಸಂಬಂಧವನ್ನು ತಗ್ಗಿಸಿಕೊಂಡವು. ಅಲ್ಲಿ ಸಂಬಳ ನಿಲ್ಲಲಿಲ್ಲ ನಿಜ. ಆದರೆ ಆಸ್ಟ್ರಿಯಾ ಬೇರೆಯವರ ಹಣದಿಂದ ಬದುಕುತ್ತಿರಲೂ ಇಲ್ಲ. ಗಾಜಾ ಮತ್ತು ಪಶ್ಚಿಮ ದಂಡೆಗೂ 2006ರ ಜೂನ್ ಹೊತ್ತಿಗೆ ಒಕ್ಕೂಟ ತಾತ್ಕಾಲಿಕ ವ್ಯವಸ್ಥೆಯೊಂದನ್ನು ಮಾಡಿತು; ಸರ್ಕಾರವನ್ನು ಬಳಸದೆ ಆಸ್ಪತ್ರೆಗಳಿಗೂ ಬಡ ಕುಟುಂಬಗಳಿಗೂ ನೆರವು ನೇರವಾಗಿ ತಲುಪಿತು. ಪ್ರಧಾನಿ ಹುದ್ದೆಯ ವಿಷಯದಲ್ಲಿ ಪರ ವಾದ ಬಲವಾಗಿದೆ, ಅದನ್ನು ಒಪ್ಪುತ್ತೇನೆ. ಆ ತಿರುವುಮುರುವು ನಾಚಿಕೆಗೇಡು.

ಆದರೆ ಎಲ್ಲ ಪಾಪವನ್ನೂ ವಿದೇಶಗಳ ತಲೆಗೆ ಕಟ್ಟಿದರೆ ಪ್ಯಾಲೆಸ್ಟೀನಿನ ರಾಜಕಾರಣಿಗಳು ಬರಿಯ ಸೂತ್ರದ ಗೊಂಬೆಗಳಾಗುತ್ತಾರೆ. ಅರ್ಧ ಸ್ಥಾನಗಳು ಪಕ್ಷಗಳ ಪಟ್ಟಿಗೆ ಬಿದ್ದ ಮತದಿಂದ, ಉಳಿದರ್ಧ ಕ್ಷೇತ್ರಗಳಿಂದ ತುಂಬುತ್ತಿದ್ದವು. ಪಟ್ಟಿಯ ಮತದಲ್ಲಿ ಹಮಾಸ್‌ಗೆ ಸುಮಾರು 44, ಫತಾಹ್‌ಗೆ ಸುಮಾರು 41 ಪ್ರತಿಶತ ಬಂದಿತ್ತು. ಕ್ಷೇತ್ರಗಳಲ್ಲಿ ಫತಾಹ್‌ನವರೇ ಒಬ್ಬರ ವಿರುದ್ಧ ಒಬ್ಬರು ನಿಂತು ಮತ ಹರಿದುಕೊಂಡದ್ದರಿಂದ ಅಲ್ಲಿ ಹಮಾಸ್ 45, ಫತಾಹ್ 17 ಎಂಬಷ್ಟು ಅಂತರ ಬಿತ್ತು. 2007ರ ಫೆಬ್ರುವರಿಯಲ್ಲಿ ಮೆಕ್ಕಾದಲ್ಲಿ ಒಂದಾದ ಎರಡು ಬಣಗಳು ಜೂನ್‌ನಲ್ಲಿ ಗಾಜಾದ ಬೀದಿಗಳಲ್ಲಿ ಪರಸ್ಪರ ಕೊಂದುಕೊಂಡವು. 2012ರಲ್ಲಿ ಮತ್ತು 2017ರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಪಶ್ಚಿಮ ದಂಡೆಯಲ್ಲಷ್ಟೇ ನಡೆಯಿತು; ಗಾಜಾದಲ್ಲಿ ಮತಪೆಟ್ಟಿಗೆ ಇಡಲೇ ಇಲ್ಲ.

2021ರ ಮೇ 22ಕ್ಕೆ ಶಾಸನಸಭೆಯ ಚುನಾವಣೆ ನಿಗದಿಯಾಗಿ 36 ಪಟ್ಟಿಗಳು ನೋಂದಣಿಯಾಗಿದ್ದವು. ಪೂರ್ವ ಜೆರುಸಲೇಮ್‌ನಲ್ಲಿ ಮತದಾನಕ್ಕೆ ಇಸ್ರೇಲ್ ಅನುಮತಿ ನೀಡಿಲ್ಲವೆಂಬ ಕಾರಣ ಕೊಟ್ಟು ಏಪ್ರಿಲ್ ಕೊನೆಗೆ ಅಬ್ಬಾಸ್ ಅದನ್ನು ಮುಂದೂಡಿದರು. ಇಸ್ರೇಲ್‌ನ ಮೌನಕ್ಕೆ ಅದರ ಪಾಲು ಸಲ್ಲಬೇಕು. ಆದರೆ ಫತಾಹ್ ಆಗಲೇ ಮೂರು ಹೋಳಾಗಿ, ಇಸ್ರೇಲಿನ ಜೈಲಿನಲ್ಲಿದ್ದ ಫತಾಹ್ ನಾಯಕ ಮರ್ವಾನ್ ಬರ್ಗೂತಿ ಬೆಂಬಲಿಸಿದ ಪಟ್ಟಿಯೂ ಪಕ್ಷದಿಂದ ಉಚ್ಚಾಟಿತರಾಗಿದ್ದ ಮೊಹಮ್ಮದ್ ದಹ್ಲಾನ್ ಬಣದ ಪಟ್ಟಿಯೂ ಅಧಿಕೃತ ಪಟ್ಟಿಗೆ ಎದುರಾಗಿ ನಿಂತಿದ್ದವು. ಮುಂದೂಡಿಕೆ ತೀವ್ರ ನಿರಾಶೆ ತಂದಿದೆ ಎಂದು ಆಗ ಬಹಿರಂಗವಾಗಿ ಹೇಳಿದ್ದು, ಹದಿನೈದು ವರ್ಷ ಹಿಂದೆ ನೆರವು ನಿಲ್ಲಿಸಿದ್ದ ಅದೇ ಐರೋಪ್ಯ ಒಕ್ಕೂಟ.