ದುಬೈ ಪ್ಲೇಟಿನ ಮಸ್ಟಾಂಗ್ ಬಿಡಿ, ಹಿಂದೆ ನಿಂತ 118ಎನ್‌ಇ ನೋಡಿ

ದುಬೈ ಪ್ಲೇಟಿನ ಮಸ್ಟಾಂಗ್ ಕದ್ರಿಯಲ್ಲೋ ಮಣಿಪಾಲದಲ್ಲೋ ಕಂಡರೆ ಸಂಜೆಯೊಳಗೆ ಅದರ ಫೋಟೊ ಎಲ್ಲಾ ಗ್ರೂಪಿಗೂ ಬಂದಿರುತ್ತದೆ. ಅದರ ಹಿಂದೆಯೇ ನಿಂತಿದ್ದ ಪ್ರೀಮಿಯರ್ 118ಎನ್‌ಇ ಕಾರನ್ನು ಯಾರೂ ನೋಡಿರುವುದಿಲ್ಲ. ನನ್ನ ಲೆಕ್ಕದಲ್ಲಿ ಅಪರೂಪದ್ದು ಎರಡನೆಯದೇ. ಮಸ್ಟಾಂಗ್ ಬಂದದ್ದು ಕಾರ್ನೆ ಕಾಗದದಲ್ಲಿ (ಸುಂಕ ಕಟ್ಟದೆ ವಿದೇಶದ ಗಾಡಿಯನ್ನು ತಾತ್ಕಾಲಿಕವಾಗಿ ತರುವ ಪರವಾನಗಿ), ಸಾಮಾನ್ಯವಾಗಿ ಆರು ತಿಂಗಳೊಳಗೆ ವಾಪಸು ಹೋಗಬೇಕು. ಮುಂದಿನ ರಜೆಗೆ ಇನ್ನೊಂದು ಬರುತ್ತದೆ. 118ಎನ್‌ಇ ಹಾಗಲ್ಲ. ಫಿಯಟ್ 124ರ ಪೆಟ್ಟಿಗೆಯಂಥ ಬಾಡಿಯೊಳಗೆ ನಿಸ್ಸಾನಿನ 1171 ಸಿಸಿ ಎಂಜಿನ್ ಕೂರಿಸಿ 1985ರಿಂದ ಮಾಡಿದ ಗಾಡಿ ಅದು. ಗುಜರಿಗೆ ಹೋದದ್ದು ಹೋಯಿತು, ಹೊಸದು ಹುಟ್ಟುವುದಿಲ್ಲ.

ಅದರಲ್ಲೂ ನಮ್ಮ ಕರಾವಳಿಯಲ್ಲಿ ಹಳೇ ಗಾಡಿ ಉಳಿಯುವುದೇ ದೊಡ್ಡದು. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಅದರ ಜೊತೆಗೆ ಉಪ್ಪುಗಾಳಿ. ಬಾಗಿಲಿನ ಕೆಳಅಂಚಿನಲ್ಲಿ ನೀರು ಇಳಿದುಹೋಗಲಿಕ್ಕೆ ಸಣ್ಣ ತೂತುಗಳಿರುತ್ತವೆ. ಮರದಡಿ ನಿಂತ ಗಾಡಿಯಲ್ಲಿ ಎಲೆಪುಡಿ, ಮಣ್ಣು ಸೇರಿ ಅವು ಕಟ್ಟಿಹೋಗುತ್ತವೆ. ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ಪಕ್ಕದಿಂದ ಇಳಿದ ನೀರು ಬಾಗಿಲೊಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೈಂಟ್ ಗುಳ್ಳೆ ಎದ್ದಿತು ಅನ್ನುವಾಗ ಒಳಗೆ ಕೆಲಸ ಮುಗಿದಿರುತ್ತದೆ. ಹೆಡ್‌ಲೈಟಿನ ಬಟ್ಟಲು, ಬ್ಯಾಟರಿ ಇಡುವ ತಟ್ಟೆ, ಚಕ್ರದ ಮೇಲಿನ ಕಮಾನು, ಜ್ಯಾಕ್ ಕೊಡುವ ಜಾಗ, ಮ್ಯಾಟಿನ ಅಡಿಯ ನೆಲ: ಇವೆಲ್ಲ ಹೋಗುವುದೂ ಹೀಗೆಯೇ. ಆದ್ದರಿಂದ ಮಲ್ಪೆಯಲ್ಲೋ ಬೋಳಾರದಲ್ಲೋ ಒಂದು ಪದ್ಮಿನಿ (ಹಳೇ ಫಿಯಟ್ ಕಾರು) ತನ್ನ ಹುಟ್ಟುತಗಡಿನಲ್ಲೇ ಓಡುತ್ತಾ ಉಂಟು ಅಂದರೆ ಅದರ ಮಾಲೀಕರಿಗೆ ಒಂದು ನಮಸ್ಕಾರ ಹೊಡೆಯಬೇಕು ಮಾರಾಯ್ರೆ.

ತಗಡೋ, ತೂತು-ತಗ್ಗು ಮುಚ್ಚಲಿಕ್ಕೆ ಮೆತ್ತಿದ ಪುಟ್ಟಿಯೋ ಅಂತ ತಿಳಿಯಲಿಕ್ಕೆ ಬೆಳಗ್ಗಿನ ಓರೆ ಬಿಸಿಲು ಸಾಕು. ಗಾಡಿಯ ಹಿಂದಿನ ಮೂಲೆಯಲ್ಲಿ ಬಗ್ಗಿ ಮುಂದಿನವರೆಗೆ ಉದ್ದಕ್ಕೆ ನೋಡಿ. ಪ್ರತಿಬಿಂಬ ನೀರಿನಲ್ಲಿ ಕಂಡ ಹಾಗೆ ಅಲುಗಿದರೆ ಅಲ್ಲಿ ಟಿಂಕರಿಂಗ್, ಅಂದರೆ ತಗಡು ಬಡಿದು ರಿಪೇರಿ, ಆಗಿದೆ. ಬಾಗಿಲ ಸಂದಿ ಮೇಲೆ ಸಪೂರ, ಕೆಳಗೆ ಅಗಲ ಇದ್ದರೂ ಹಾಗೆಯೇ. ಮಾಲೀಕರು ಒಪ್ಪಿದರೆ ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಇಟ್ಟು ನೋಡಬಹುದು, ಪುಟ್ಟಿ ದಪ್ಪ ಇದ್ದಲ್ಲಿ ಜಾರುತ್ತದೆ. ಎಲ್ಲಿ ಇಟ್ಟರೂ ಹಿಡಿಯದಿದ್ದರೆ ಗಾಬರಿ ಬೇಡ, ಲಾಟರಿ ಹೊಡೆದಿರಬಹುದು. ಅದು ಸಿಪಾನಿ ಡಾಲ್ಫಿನ್ ಆಗಿರುವ ಸಾಧ್ಯತೆ ಉಂಟು. ನಮ್ಮ ರಾಜ್ಯದ್ದೇ ಕಾರು, ಬೆಂಗಳೂರಿನ ಕಂಪನಿ 1980ರ ದಶಕದಲ್ಲಿ ಮಾಡಿದ್ದು. ಬ್ರಿಟನ್ನಿನ ರಿಲಯಂಟ್ ಕಿಟನ್‌ನಿಂದ ಬಂದ 848 ಸಿಸಿ ಎಂಜಿನ್, ಎರಡೇ ಬಾಗಿಲು, ಫೈಬರ್ ಬಾಡಿ. ಬಾಡಿ ತುಕ್ಕು ಹಿಡಿಯುವುದಿಲ್ಲ, ಆದರೆ ಅಡಿಯ ಚಾಸಿ ಉಕ್ಕಿನದ್ದು. ಮೇಲೆ ಚಂದ ಕಂಡು ಕೆಳಗೆ ಟೊಳ್ಳಾಗಿರುವುದು ಇದರ ರೋಗ.

ಇನ್ನು ಕಂಡ ಫಿಯಟ್‌ಗಳನ್ನೆಲ್ಲ ಪದ್ಮಿನಿ ಅನ್ನುವ ಚಾಳಿ. ಮುಂದಿನ ಬಾಗಿಲು ನೋಡಿ. ಹಿಂಜ್ (ಬಾಗಿಲ ಕೀಲು) ಎರಡು ಬಾಗಿಲ ನಡುವಿನ ಕಂಬದಲ್ಲಿದ್ದು ಬಾಗಿಲು ಹಿಂದಕ್ಕೆ ತೆರೆದುಕೊಂಡರೆ ಅದು 1964ಕ್ಕಿಂತ ಹಿಂದಿನ 1100 ಮಾದರಿ, ಗ್ಯಾರೇಜಿನವರು ಡುಕ್ಕರ್ ಅನ್ನುವುದು ಅದನ್ನು. ಎಲ್ಲಾ ಕಾರಿನ ಹಾಗೆ ಮುಂದಕ್ಕೆ ತೆರೆದುಕೊಂಡರೆ 1964ರ ಡಿಲೈಟ್ ಅಥವಾ ಅದರ ನಂತರದ್ದು. 1972ರಲ್ಲಿ ಹೆಸರು ಪ್ರೆಸಿಡೆಂಟ್ ಆಯಿತು, ಪದ್ಮಿನಿ ಅಂತಾದದ್ದು 1974ರಲ್ಲಿ. ಅಲ್ಲಿಂದ 2000ದ ಆಸುಪಾಸಿನವರೆಗೆ ಅದೇ ಹೆಸರು. ಗ್ರಿಲ್ ನೋಡಿ ವರ್ಷ ಹೇಳುವವರನ್ನು ನಂಬಬೇಡಿ. ಗ್ರಿಲ್ ಬೋಲ್ಟಿನಲ್ಲಿ ಕೂರುವ ಸಾಮಾನು, ಅರ್ಧ ಗಂಟೆಯಲ್ಲಿ ಬದಲಾಗುತ್ತದೆ. ಹಿಂಜ್ ಬದಲಾಗುವುದಿಲ್ಲ.

ಅಂಬಾಸಿಡರಿಗೂ ಇದೇ ಮಾತು. ಮಾರ್ಕ್ 4ಕ್ಕೆ ಮಾರ್ಕ್ 2ರ ಗ್ರಿಲ್ ಹಾಕಿ ಮದುವೆ ಬಾಡಿಗೆಗೆ ಬಿಟ್ಟರೆ ಅದನ್ನು ಮಾರ್ಕ್ 2 ಅಂತಲೇ ಹತ್ತರಲ್ಲಿ ಒಂಬತ್ತು ಜನ ಒಪ್ಪುತ್ತಾರೆ. ನೀವು ಹಿಂದಕ್ಕೆ ಹೋಗಿ. ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಸಣ್ಣ ರೆಕ್ಕೆ ಎದ್ದಿದ್ದರೆ ಅಂಬಾಸಿಡರ್. ರೆಕ್ಕೆ ಇಲ್ಲದೆ ಡಿಕ್ಕಿ ದುಂಡಗೆ ಇಳಿದಿದ್ದರೆ ನಿಮ್ಮ ಮುಂದಿರುವುದು ಅದಕ್ಕಿಂತ ಮೊದಲಿನ ಲ್ಯಾಂಡ್‌ಮಾಸ್ಟರ್, ಕೂಡಲೇ ಫೋನ್ ತೆಗೆಯಿರಿ. ಗೇರ್ ಸ್ಟೇರಿಂಗ್‌ನಲ್ಲಿಲ್ಲದೆ ಕೆಳಗಿದ್ದು ಐದು ಗೇರ್ ಇದ್ದರೆ 1990ರ ದಶಕದ ಇಸುಜು ಎಂಜಿನ್ನಿನ 1800 ಇರಬಹುದು.

ನಂಬರ್ ಪ್ಲೇಟ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಈಗಿನ ಪದ್ಧತಿ ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನದು ಮೂರಕ್ಷರದ ನಂಬರ್. ಎಂವೈ ಎಂದು ಶುರುವಾದರೆ ಮೈಸೂರು ರಾಜ್ಯದ ಕಾಲದ್ದು. ಮಂಗಳೂರಿನ ಕೆಎ 19 ಅಥವಾ ಉಡುಪಿಯ ಕೆಎ 20 ಇದೆ ಅಂದ ಮಾತ್ರಕ್ಕೆ ಹೊಸ ಗಾಡಿ ಅಲ್ಲ. ಬೇರೆ ರಾಜ್ಯದಿಂದ ಬಂದು ಇಲ್ಲಿ ಮರುನೋಂದಣಿಯಾದರೆ 1960ರ ಕಾರಿಗೂ ಆ ನಂಬರೇ ಬೀಳುತ್ತದೆ. ಕೆಎ ಆದಮೇಲೆ ವಿಎ ಅಂತ ಕಂಡರೆ ಮಾತ್ರ ಅನುಮಾನ ಬೇಡ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಕೊಡುವ ವಿಂಟೇಜ್ ಸರಣಿ ಅದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಲಾವಣೆ. ಆದರೆ ದಿನಾ ಆಫೀಸಿಗೆ ಅದರಲ್ಲಿ ಹೋಗುವ ಹಾಗಿಲ್ಲ. ದಿನಬಳಕೆಯ ಹಳೇ ಕಾರಿನವರು 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲಿಕ್ಕೆ ಆರ್‌ಟಿಒ ಮೆಟ್ಟಿಲು ಹತ್ತುವುದಕ್ಕೇ ಇಷ್ಟಪಡಲು ಇದೂ ಒಂದು ಕಾರಣ.

ಗಲ್ಫಿನ ಸಂಬಂಧ ಇರುವ ಊರು ನಮ್ಮದು, ಹಾಗಾಗಿ ಹಳೇ ಡಬ್ಲ್ಯು123 ಮಾದರಿಯ ಬೆಂಜ್ ಕಂಡರೆ ಎಡದ ಸ್ಟೇರಿಂಗ್ ಬಲಕ್ಕೆ ಬಂದದ್ದೋ ಅಂತ ಪರೀಕ್ಷಿಸುವುದು ಒಂದು ಮಜಾ. ಮಳೆಗೆ ವೈಪರ್ ಒರೆಸಿದ ಗುರುತು ನೋಡಿ. ಡ್ರೈವರಿನ ಎದುರಿನ ಮೂಲೆ ಒದ್ದೆಯಾಗಿಯೇ ಉಳಿದು ಪಕ್ಕದವರ ಮೂಲೆ ಸ್ವಚ್ಛ ಆಗಿದ್ದರೆ ವೈಪರ್ ಎಡ ಸ್ಟೇರಿಂಗಿಗೆ ಮಾಡಿದ್ದು. ಹೆಡ್‌ಲೈಟ್ ಗಾಜಿನ ಮೇಲೆ ಅಚ್ಚಾದ ಇ (E) ಎಂಬ ಮಾನ್ಯತೆಯ ಗುರುತಿನ ಬಳಿ ಬಾಣ ಇಲ್ಲದಿದ್ದರೆ ಆ ಲೈಟ್ ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಕ್ಕೆ ಮಾಡಿದ್ದು. ಡಿಮ್ ಹಾಕಿದರೂ ಬೆಳಕು ನಮ್ಮಲ್ಲಿ ಎದುರಿನವರ ಕಣ್ಣಿಗೇ ಏರುತ್ತದೆ.

ಹುಡುಕಲಿಕ್ಕೆ ಜೂನ್‌ನಿಂದ ಸೆಪ್ಟೆಂಬರ್ ಸುಮ್ಮನೆ ವ್ಯರ್ಥ, ಒಳ್ಳೆಯ ಗಾಡಿಗಳೆಲ್ಲ ಟರ್ಪಾಲಿನ ಅಡಿಯಲ್ಲಿರುತ್ತವೆ. ಆಯುಧ ಪೂಜೆಯ ದಿನ ಒಂದು ಸುತ್ತು ಹಾಕಿ, ವರ್ಷಪೂರ್ತಿ ಶೆಡ್ಡಿನಲ್ಲಿದ್ದದ್ದೂ ತೊಳೆದು ಹೂವು ಮುಡಿದು ಅಂಗಳಕ್ಕೆ ಬರುತ್ತದೆ. ನಂತರ ಮದುವೆ ಸೀಸನ್. ಯೆಯ್ಯಾಡಿ, ಬೈಕಂಪಾಡಿ ಕಡೆ ಹೋದಾಗ ಟಿಂಕರಿಂಗ್ ಶೆಡ್ಡಿನ ಹಿಂಬದಿಗೂ ಒಂದು ಕಣ್ಣಿರಲಿ. ಕಣ್ಣು ಪಳಗಬೇಕಾದರೆ ಧರ್ಮಸ್ಥಳದ ಕಾರು ಮ್ಯೂಸಿಯಮ್ಮಿನಲ್ಲಿ ಅರ್ಧ ದಿನ ಕಳೆಯಿರಿ.

ಫೋಟೊಕ್ಕೆ ಅಂತ ಹೈವೇ 66ರಲ್ಲಿ ಬ್ರೇಕ್ ಹಾಕಬೇಡಿ. ಮಾಲೀಕರು ಸಿಕ್ಕಿದರೆ ಮೊದಲ ಪ್ರಶ್ನೆ "ಕೊಡ್ತೀರಾ?" ಅಂತ ಆಗದಿರಲಿ, "ಯಾವ ವರ್ಷದ್ದು ಸಾರ್?" ಅಂತ ಕೇಳಿ, ಬಾನೆಟ್ ಅವರೇ ಎತ್ತುತ್ತಾರೆ. ಗ್ರೂಪಿಗೆ ಹಾಕುವಾಗ ನಂಬರ್ ಮರೆಮಾಡಿ, ಮನೆಯ ಗೇಟ್ ಕಾಣದ ಹಾಗೆ ಕತ್ತರಿಸಿ. ಎಂಬ್ಲೆಮ್, ವೀಲ್ ಕ್ಯಾಪ್ ಕದಿಯುವವರೂ ಅದೇ ಫೋಟೊ ನೋಡುತ್ತಿರುತ್ತಾರೆ, ಹೋದರೆ ಇನ್ನೊಂದು ಸಿಗುವುದು ಕಷ್ಟ. ನಿಮ್ಮ ಕಡೆ ಡಾಲ್ಫಿನ್ ಇನ್ನೂ ಓಡುತ್ತಾ ಉಂಟಾದರೆ ಊರಿನ ಹೆಸರು ಬೇಡ, ಫೋಟೊ ಮಾತ್ರ ಹಾಕಿ.